ಮಿದುಳನ್ನು ಫಾರ್ಮಲಿನ್‌ನಲ್ಲಿ ಇರಿಸಿಕೊಂಡದ್ದೇಕೆ?

ಜಮಖಂಡಿಯ ಮಿತ್ರರೇ, ಬೈಕಿನಿಂದ ಬಿದ್ದು ತೀರಿಕೊಂಡ ತಮ್ಮ ಕಾಕಾ ಅವರ ತಲೆಯ ಮೇಲೆ ದೊಡ್ಡ ಗಾಯವಿಲ್ಲದಿದ್ದರೂ ಮರಣೋತ್ತರ ಪರೀಕ್ಷೆಯಲ್ಲಿ ತಲೆಬುರುಡೆ ತೆರೆದದ್ದೇಕೆ, ಮಿದುಳನ್ನು ಇರಿಸಿಕೊಂಡದ್ದೇಕೆ ಎಂದು ಕೇಳಿದ್ದೀರಿ.

ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತಸ್ರಾವ ಆಗಿರಬಹುದು. ಒಂದು ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯವರೆಗೆ ಚರ್ಮ ಕೊಯ್ದು, ಬುರುಡೆಯ ಮೇಲ್ಭಾಗವನ್ನು ಗರಗಸದಿಂದ ಬಿಡಿಸಿದ ಮೇಲೆ, ಮಿದುಳಿನ ಹೊರಪೊರೆಯಾದ ಡ್ಯೂರಾದ ಮೇಲೆ ರಕ್ತ ಹೆಪ್ಪುಗಟ್ಟಿದೆಯೋ ಕೆಳಗೋ ಎಂಬುದನ್ನು ಮೊದಲು ನೋಡುತ್ತಾರೆ. ಮೇಲಿದ್ದರೆ ಸಾಮಾನ್ಯವಾಗಿ ಮೂಳೆ ಬಿರಿದು ಅಪಧಮನಿ ಹರಿದಿರುತ್ತದೆ. ಕೆಳಗಿದ್ದರೆ ಹೆಚ್ಚಾಗಿ ಸಣ್ಣ ಅಭಿಧಮನಿಗಳು ಹರಿದಿರುತ್ತವೆ, ಇದಕ್ಕೆ ಮೂಳೆ ಮುರಿಯಲೇಬೇಕೆಂದಿಲ್ಲ. ಹಿಂದಲೆ ನೆಲಕ್ಕೆ ಬಡಿದಾಗ ಮಿದುಳಿನ ಮುಂಭಾಗವೇ ಹೆಚ್ಚು ಜಜ್ಜಿರುವುದೂ ಉಂಟು. ಇದು ಸಂಬಂಧಿಕರಿಗೆ ನಂಬಲು ಕಷ್ಟವಾಗುವ ಸಂಗತಿ, ಆದರೆ ಬಿದ್ದದ್ದೋ ಹೊಡೆದದ್ದೋ ಎಂದು ತೀರ್ಮಾನಿಸುವಾಗ ಬಹು ಮುಖ್ಯವಾದ ಸುಳಿವು.

ವಯಸ್ಕರ ಮಿದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ಹಸಿಯಾಗಿರುವಾಗ ಅದು ಬಹಳ ಮೃದು. ಅನೇಕ ಪ್ರಕರಣಗಳಲ್ಲಿ ಅಂದೇ ಕೊಯ್ದು ನೋಡುತ್ತಾರೆ. ಸೂಕ್ಷ್ಮ ಗಾಯಗಳ ಸಂಶಯವಿದ್ದರೆ ಮಾತ್ರ ಸುಮಾರು ಎರಡು ವಾರ, ಅಂಗಗಳು ಕೊಳೆಯದಂತೆ ಕಾಪಾಡಿ ಗಟ್ಟಿಗೊಳಿಸುವ ಫಾರ್ಮಲಿನ್ ಎಂಬ ರಾಸಾಯನಿಕ ದ್ರಾವಣದಲ್ಲಿ, ತಳಕ್ಕೆ ತಾಗಿ ಚಪ್ಪಟೆಯಾಗದಂತೆ ದಾರದಿಂದ ತೂಗುಬಿಟ್ಟು, ಗಟ್ಟಿಯಾದ ಬಳಿಕ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಹೋಳುಗಳಾಗಿ ಕೊಯ್ಯುತ್ತಾರೆ. ಅಂತಿಮ ಅಭಿಪ್ರಾಯ ತಡವಾಗುವುದು ಇದಕ್ಕಾಗಿಯೇ.

ವರದಿ ತನಿಖಾಧಿಕಾರಿಗೆ ಹೋಗುತ್ತದೆ. ಪ್ರತಿಗಾಗಿ ಸಂಬಂಧಪಟ್ಟ ಪೊಲೀಸ್ ಠಾಣೆಯಲ್ಲಿ ಲಿಖಿತ ಅರ್ಜಿ ಕೊಡಿರಿ.