ಸಂಖ್ಯೆಯೊಂದೇ ಸಾಲದು, ಎಣಿಸಿದ ಬಗೆಯೂ ಬೇಕು

ನಮಸ್ಕಾರ. ಗ್ಯಾಲಕ್ಸಿಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ನೇರವಾಗಿ ಹೇಳುತ್ತೇನೆ, ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಬಹಳ ಚೆನ್ನಾಗಿದೆ, ನಿಮ್ಮ ಭಾಷೆಯೂ ಓದಿಸಿಕೊಂಡು ಹೋಗುತ್ತದೆ, ಹಾಗಾಗಿ ತಿದ್ದಿ ಕಳಿಸಿ ಎಂದು ಕೇಳುತ್ತಿದ್ದೇನೆ.

"ವಿಶ್ವದಲ್ಲಿ 2 ಲಕ್ಷ ಕೋಟಿ ಗ್ಯಾಲಕ್ಸಿಗಳಿವೆ" ಎಂದು ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದೀರಿ. ಅಲ್ಲಿಂದ ಕೊನೆಯವರೆಗೂ ಬರೀ ಬೆರಗು. ಓದುವವರಿಗೆ ತಕ್ಷಣ ಬರುವ ಪ್ರಶ್ನೆ, ಇದನ್ನು ಯಾರು ಎಣಿಸಿದರು, ಹೇಗೆ ಎಣಿಸಿದರು ಅನ್ನೋದು ಅಲ್ವಾ? ಅದಕ್ಕೆ ನೀವು ಕೊಟ್ಟಿರುವುದು ಒಂದೇ ವಾಕ್ಯ: "ಹಬಲ್ ದೂರದರ್ಶಕ ಎಣಿಸಿದೆ." ಅದು ಸರಿಯಲ್ಲ.

ಇಡೀ ಆಕಾಶವನ್ನು ಅಷ್ಟು ಆಳವಾಗಿ ಯಾರೂ ನೋಡಿಲ್ಲ, ನೋಡಲು ಸಮಯವೂ ಸಾಲದು. 2003-04ರಲ್ಲಿ ಹಬಲ್, ಆಕಾಶದ 1.3 ಕೋಟಿಯಲ್ಲಿ ಒಂದು ಪಾಲಿನಷ್ಟು ಪುಟ್ಟ ಜಾಗವನ್ನು, ಅದೂ ನೆಲದ ಮೇಲಿನ ದೂರದರ್ಶಕಗಳಿಗೆ ಹೆಚ್ಚುಕಡಿಮೆ ಖಾಲಿ ಕಂಡಿದ್ದ ಜಾಗವನ್ನು, ಒಟ್ಟು ಸುಮಾರು 10 ಲಕ್ಷ ಸೆಕೆಂಡು ದಿಟ್ಟಿಸಿತು. ಆ ಒಂದು ಚಿತ್ರದಲ್ಲಿ ಸುಮಾರು 10,000 ಗ್ಯಾಲಕ್ಸಿಗಳು ಸಿಕ್ಕವು. ದೊಡ್ಡ ಮಟ್ಟದಲ್ಲಿ ನೋಡಿದರೆ ವಿಶ್ವ ಎಲ್ಲ ದಿಕ್ಕಿನಲ್ಲೂ ಒಂದೇ ತರಹ ಇದೆ ಎಂದು ಇಟ್ಟುಕೊಂಡು ಗುಣಿಸಿ ನೋಡಿ, 13,000 ಕೋಟಿ ಬರುತ್ತದೆ. ಓದುಗರು ತಾವೇ ಮಾಡಿ ನೋಡಬಹುದಾದ ಲೆಕ್ಕ ಇದು. ನನ್ನ ಪ್ರಕಾರ ನಿಮ್ಮ ಲೇಖನ ಶುರುವಾಗಬೇಕಾದದ್ದೇ ಇಲ್ಲಿಂದ.

ಹಾಗಾದರೆ ನಿಮ್ಮ 2 ಲಕ್ಷ ಕೋಟಿ ಎಲ್ಲಿಂದ ಬಂತು? 2016ರಲ್ಲಿ ಖಗೋಳ ವಿಜ್ಞಾನಿ ಕ್ರಿಸ್ಟೋಫರ್ ಕಾನ್ಸೆಲಿಸ್ ಮತ್ತು ಅವರ ತಂಡ, ಕಾಣುವ ಗ್ಯಾಲಕ್ಸಿಗಳ ಜೊತೆಗೆ ಕಾಣದಷ್ಟು ಮಸುಕಾದವನ್ನೂ ಗಣಿತದಿಂದ ಅಂದಾಜು ಮಾಡಿದಾಗ ಬಂದ ಸಂಖ್ಯೆ ಅದು. ಅವುಗಳಲ್ಲಿ ಶೇ. 90ಕ್ಕಿಂತ ಜಾಸ್ತಿ ಆಗಿನ ಯಾವ ದೂರದರ್ಶಕಕ್ಕೂ ಕಾಣುವಂತಿರಲಿಲ್ಲ. ಇನ್ನೊಂದು ಮುಖ್ಯ ಸಂಗತಿ, ಆ ಲೆಕ್ಕದಲ್ಲಿ ಬಹಳ ಹಿಂದಿನ ಪುಟ್ಟ ಗ್ಯಾಲಕ್ಸಿಗಳೂ ಸೇರಿವೆ, ಮತ್ತು ಅಂಥವು ಎಷ್ಟೋ ಆಮೇಲೆ ಒಂದರಲ್ಲೊಂದು ಬೆರೆತು ದೊಡ್ಡವಾಗಿವೆ. ಅಷ್ಟನ್ನೂ "ಇವೆ" ಎಂದು ಬರೆಯುವಂತಿಲ್ಲ.

2021ರ ಫಲಿತಾಂಶವನ್ನು ನೀವು ಬಿಟ್ಟೇಬಿಟ್ಟಿದ್ದೀರಿ, ಇದಂತೂ ಬೇಕೇ ಬೇಕು. ಪ್ಲೂಟೋ ದಾಟಿ ಹೋದ ನ್ಯೂ ಹೊರೈಜನ್ಸ್ ನೌಕೆ ಇರುವ ಕಡೆ, ಸೂರ್ಯನ ಬೆಳಕನ್ನು ಚದುರಿಸುವ ದೂಳು ತುಂಬಾ ಕಡಿಮೆ. ಕಾಣದ ಗ್ಯಾಲಕ್ಸಿಗಳು ನಿಜಕ್ಕೂ ಅಷ್ಟೊಂದು ಇದ್ದರೆ ಅವೆಲ್ಲದರ ಬೆಳಕು ಸೇರಿ ಅಲ್ಲಿನ ಆಕಾಶ ಸ್ವಲ್ಪ ಬೆಳ್ಳಗಾದರೂ ಇರಬೇಕಿತ್ತು. ಅಳೆದು ನೋಡಿದರೆ ಅಷ್ಟು ಬೆಳಕಿರಲಿಲ್ಲ. ಹಾಗಾಗಿ ಅಂದಾಜು ಮತ್ತೆ ಹತ್ತಾರು ಸಾವಿರ ಕೋಟಿಗೆ ಇಳಿಯಿತು. ಒಂದೇ ಒಂದು ಗ್ಯಾಲಕ್ಸಿಯನ್ನೂ ಎಣಿಸದೆ, ಬರೀ ಕತ್ತಲೆಯನ್ನು ಅಳೆದು ಈ ಮಾತು ಹೇಳಿದರಲ್ಲ, ನನಗೆ ಅದು ಯಾವ ದೊಡ್ಡ ಸಂಖ್ಯೆಗಿಂತಲೂ ಹೆಚ್ಚು ರೋಮಾಂಚನ ಕೊಡುತ್ತದೆ.

ಚಿಕ್ಕ ತಿದ್ದುಪಡಿಗಳೂ ಇವೆ. "ವಿಶ್ವ" ಎಂದಿರುವ ಕಡೆ "ನಮಗೆ ಕಾಣಬಲ್ಲ ವಿಶ್ವ" ಎನ್ನಿ, ಅದರಾಚೆ ಎಷ್ಟಿದೆಯೋ ಈ ಲೆಕ್ಕಕ್ಕೆ ಬರುವುದಿಲ್ಲ. ಒಂದು ಕಡೆ 2 ಲಕ್ಷ ಕೋಟಿ, ಇನ್ನೊಂದು ಕಡೆ 20,000 ಕೋಟಿ ಎಂದಿದೆ, ಸೊನ್ನೆಗಳನ್ನು ನೋಡಿಕೊಳ್ಳಿ. ಮನುಷ್ಯ ಎಷ್ಟು ಸಣ್ಣವನು ಎನ್ನುವ ಕೊನೆಯ ಪ್ಯಾರಾ ತೆಗೆದುಬಿಡಿ. ಆ ಜಾಗದಲ್ಲಿ ನ್ಯೂ ಹೊರೈಜನ್ಸ್ ಅಳತೆಯನ್ನು ಇನ್ನಷ್ಟು ಬಿಡಿಸಿ ಬರೆಯಿರಿ. ಹೊಸ ಕರಡು ನನಗೇ ಕಳಿಸಿ, ಓದುತ್ತೇನೆ.