ಸಂಗೀತಾಭ್ಯಾಸದಲ್ಲಿ ಒಂದು ಸ್ವರ ತಪ್ಪಿದರೂ ನಿಲ್ಲಿಸಿಬಿಡುತ್ತೇನೆ. ಈ ಹಟ ಬಿಡುವುದು ಹೇಗೆ?

ತಪ್ಪಿದಲ್ಲಿ ನಿಲ್ಲಬೇಡಿ. ತಾಳ ಬಿಡದೆ ವರಸೆಯನ್ನು (ಸ್ವರಾಭ್ಯಾಸದ ಪಾಠವನ್ನು) ಕೊನೆಯವರೆಗೂ ಹಾಡಿ. ಆಮೇಲೆ ತಪ್ಪಿದ ಒಂದೇ ಒಂದು ಜಾಗವನ್ನು ನಿಧಾನವಾಗಿ ತಿದ್ದಿಕೊಳ್ಳಿ. ಉಳಿದದ್ದು ನಾಳೆಗಿರಲಿ.

ಇದು ಸುಮ್ನೆ ಸಮಾಧಾನದ ಮಾತಲ್ಲ. ಹಾಡುವಾಗ ಮೆದುಳು ಗಂಟಲಿಗೆ ಸೂಚನೆ ಕೊಡುತ್ತದೆ, ಜೊತೆಗೇ ಯಾವ ಸ್ವರ ಕೇಳಿಸಬೇಕು ಅಂತ ಅಂದಾಜನ್ನೂ ಮಾಡಿಕೊಂಡಿರುತ್ತದೆ. ಕಿವಿಗೆ ಬೇರೆ ಏನೋ ಬಿದ್ದರೆ, ಆ ವ್ಯತ್ಯಾಸ ನೋಡಿ ಮುಂದಿನ ಸಲದ ಸೂಚನೆಯನ್ನು ಬದಲಿಸುತ್ತದೆ. ತಪ್ಪೇ ಅದಕ್ಕೆ ಸಿಗುವ ಮಾಹಿತಿ. ಹೆದರಿಕೊಂಡು ಹಾಡಿದರೆ ಗಂಟಲು ಬಿಗಿಯುತ್ತದೆ, ಪ್ರತಿ ಸಲ ನಿಲ್ಲಿಸಿದರೆ ತಿದ್ದಿಕೊಳ್ಳುವ ಅವಕಾಶವೂ ಕಡಿಮೆಯಾಗುತ್ತದೆ.

ನಮ್ಮ ಕರ್ನಾಟಕ ಸಂಗೀತದ ಪಾಠಕ್ರಮದಲ್ಲೇ ಇದಕ್ಕೆ ಜಾಗ ಇದೆ ಅಲ್ವಾ? ಪುರಂದರದಾಸರು ರೂಪಿಸಿದರೆಂದು ಹೇಳುವ ಸರಳೆ ವರಸೆಗಳನ್ನು ಮಾಯಾಮಾಳವಗೌಳ ರಾಗದಲ್ಲಿ, 3 ಕಾಲಗಳಲ್ಲಿ, ಅಂದರೆ 3 ವೇಗಗಳಲ್ಲಿ, ಹಾಡಿಸುತ್ತಾರೆ. ವೇಗ ಹೆಚ್ಚಿದಾಗ ಎಡವುವುದು ಮಾಮೂಲಿ. ಎಡವಿದರೆ ವರಸೆ ಮುಗಿಸಿ ಮತ್ತೆ ಮೊದಲನೇ ಕಾಲ, ಅಷ್ಟೇ.

ಅಂದಹಾಗೆ, ಈಗೀಗ ತಪ್ಪುಗಳು ಜಾಸ್ತಿ ಕೇಳಿಸುತ್ತಿದ್ದರೆ ಗಾಬರಿ ಬೇಡ. ಬಹುಶಃ ನಿಮ್ಮ ಕಿವಿ ಗಂಟಲಿಗಿಂತ ಮುಂದೆ ಹೋಗಿದೆ. ಆದರೆ ಆಧಾರ ಸ್ವರವನ್ನು ನುಡಿಸುತ್ತಲೇ ಇರುವ ಶ್ರುತಿಪೆಟ್ಟಿಗೆ ಆನ್ ಇರಲಿ, ಅದಿಲ್ಲದೆ ಸ್ವರ ಸರಿಯಿದೆಯೇ ಎಂದು ಹೋಲಿಸಿ ನೋಡುವುದು ಕಷ್ಟ.