ಶಾಲೆಯ ಕಟ್ಟಡ ಚೆನ್ನಾಗಿದ್ದರೆ ಮಕ್ಕಳು ಜಾಸ್ತಿ ಕಲಿಯುತ್ತಾರಾ?

ಹೌದು, ಆದರೆ ದೊಡ್ಡ ಗೇಟು, ಹೊಸ ಬ್ಲಾಕು ನೋಡಿ ಅಳೆಯಬೇಡಿ. ಲೆಕ್ಕಕ್ಕೆ ಬರುವುದು ಮಗು ದಿನವಿಡೀ ಕೂರುವ ಆ ಒಂದು ಕೋಣೆ.

ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಬ್ಯಾರೆಟ್ ತಂಡ 27 ಪ್ರಾಥಮಿಕ ಶಾಲೆಗಳ 153 ತರಗತಿ ಕೋಣೆಗಳನ್ನು ಪರೀಕ್ಷಿಸಿತು. ಅಲ್ಲಿನ 3,766 ಮಕ್ಕಳ ಓದು, ಬರಹ, ಗಣಿತದ ಪ್ರಗತಿಯ ಜೊತೆ ಹೋಲಿಸಿತು. 2015ರಲ್ಲಿ ಫಲಿತಾಂಶ ಹೊರಬಂತು: ವರ್ಷವೊಂದರಲ್ಲಿ ಮಗುವಿನಿಂದ ಮಗುವಿಗೆ ಕಲಿಕೆಯ ಪ್ರಗತಿಯಲ್ಲಿ ಕಂಡ ವ್ಯತ್ಯಾಸದ ಸುಮಾರು 16% ಕೋಣೆಯ ಗುಣಕ್ಕೆ ಸೇರಿದ್ದು. (16 ಅಂಕ ಜಾಸ್ತಿ ಬರುತ್ತದೆ ಅಂತಲ್ಲ!) ಅದರಲ್ಲಿ ಅರ್ಧದಷ್ಟು ಪಾಲು ಬೆಳಕು, ಗಾಳಿ, ಬಿಸಿ ಈ ಮೂರರದ್ದೇ.

ಕಿಟಕಿ ಮುಚ್ಚಿದ ಕೋಣೆಯಲ್ಲಿ 30 ಮಕ್ಕಳು ಕೂತರೆ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ತಲೆ ಮಂಕಾಗುತ್ತದೆ, ಆಕಳಿಕೆ ಶುರು. ನಾವು ಸುಮ್ನೆ ಮಗುವನ್ನು ಸೋಮಾರಿ ಅಂತ ಬೈಯುತ್ತೇವೆ, ಅಲ್ವಾ?

ನನಗೆ ಹಿಡಿಸಿದ್ದು ಗೋಡೆಯ ವಿಷಯ. ಪೂರ್ತಿ ಬೋಳು ಗೋಡೆಯೂ ಒಳ್ಳೆಯದಲ್ಲ, ಚಾರ್ಟು ಕಿಕ್ಕಿರಿದ ಗೋಡೆಯೂ ಒಳ್ಳೆಯದಲ್ಲ. ಕಿಟಕಿ ಗಾಜಿಗೂ ಚಾರ್ಟು ಅಂಟಿಸಿ, ಹಗಲಲ್ಲೇ ಟ್ಯೂಬ್‌ಲೈಟ್ ಹಾಕಿ ಪಾಠ ಮಾಡುವುದನ್ನು ನೀವೂ ನೋಡಿರಬಹುದು. ಮೊದಲು ಆ ಕಿಟಕಿಯ ಚಾರ್ಟು ಕಿತ್ತು ನೋಡಿ, ನಯಾಪೈಸೆ ಖರ್ಚಿಲ್ಲ.